ಮೂರನೆಯ ಬಿಂದು: ಒಂದು ಕ್ರೈಸ್ತ ಪ್ರೌಢಶಾಲೆಯಲ್ಲಿ ಪ್ರಾಮಾಣಿಕತೆಯ ಎರಡು ಪಾಠಗಳು

ಹಿನ್ನೆಲೆ

ಅಭ್ಯಾಸ ಬೋಧನೆಗಾಗಿ ನನ್ನನ್ನು ಕರಾವಳಿಯ ಒಂದು ಅನುದಾನಿತ ಕ್ರೈಸ್ತ ಪ್ರೌಢಶಾಲೆಗೆ ನಿಯೋಜಿಸಿದ್ದರು. ನಾನು ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳು, ಘಟ್ಟದ ಮೇಲಿನವಳು. ಕ್ರೈಸ್ತ ಶಾಲೆಯೊಳಗೆ ಕಾಲಿಟ್ಟದ್ದು ಇದೇ ಮೊದಲು. ನನಗೆ ಕೊಟ್ಟದ್ದು ಹತ್ತನೆಯ ತರಗತಿಯ ವಿಜ್ಞಾನ ಮತ್ತು ವಾರಕ್ಕೊಂದು ಮೌಲ್ಯ ಶಿಕ್ಷಣದ ಅವಧಿ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ಈ ಭಾಗದಲ್ಲಿ ಕ್ರೈಸ್ತ ಸಂಸ್ಥೆಗಳ ಶಾಲೆಗಳು ಬೆಳೆದಿವೆ. ಅಲ್ಲಿ ಓದುವವರು ಕ್ರೈಸ್ತ ಮಕ್ಕಳು ಮಾತ್ರವಲ್ಲ. ನನ್ನ ತರಗತಿಯ 36 ಮಕ್ಕಳಲ್ಲಿ ಕೊಂಕಣಿ ಮಾತಾಡುವ ಕ್ಯಾಥೋಲಿಕರು, ತುಳು ಮಾತಾಡುವ ಹಿಂದೂಗಳು, ಬ್ಯಾರಿ ಮಾತಾಡುವ ಮುಸ್ಲಿಮರು ಎಲ್ಲರೂ ಇದ್ದರು. ವಾರದಲ್ಲಿ ಒಂದು ಅವಧಿ ಕ್ಯಾಥೋಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಾರೆ, ಉಳಿದವರಿಗೆ ನೀತಿಪಾಠ. ಬೆಳಗಿನ ಪ್ರಾರ್ಥನೆಗೆ ಮಾತ್ರ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ.

ಈ ಬರಹದಲ್ಲಿ ಮಕ್ಕಳ ಹೆಸರಿನ ಬದಲು ಅಕ್ಷರಗಳನ್ನು ಬಳಸಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ನನ್ನ ತಪ್ಪನ್ನು ಬಿಟ್ಟಿಲ್ಲ.

ಮೊದಲ ಪಾಠ: ಮೂವತ್ತೈದು ಸರಿಯುತ್ತರಗಳು

ಆಗಸ್ಟ್ ಕೊನೆಯ ವಾರ, ಗುರುವಾರ. ಮೌಲ್ಯ ಶಿಕ್ಷಣ, ವಿಷಯ ‘ಪ್ರಾಮಾಣಿಕತೆ’. ನಮ್ಮ ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದರು. ನಾನು ಮರ ಕಡಿಯುವವನ ಮತ್ತು ಚಿನ್ನದ ಕೊಡಲಿಯ ಕಥೆ ಹೇಳಿದೆ, ಚಿತ್ರಪಟ ತೋರಿಸಿದೆ, ಪ್ರಶ್ನೆ ಕೇಳಿದೆ. ಮಕ್ಕಳು ಕೈ ಎತ್ತಿ ಚೆನ್ನಾಗಿ ಉತ್ತರಿಸಿದರು. ಕೊನೆಗೆ, “ನಿಮಗೆ ದಾರಿಯಲ್ಲಿ ಹಣ ಸಿಕ್ಕರೆ ಏನು ಮಾಡುತ್ತೀರಿ?” ಎಂದು ಒಂದೊಂದು ಚೀಟಿಯಲ್ಲಿ ಬರೆಸಿ ಡಬ್ಬಕ್ಕೆ ಹಾಕಿಸಿದೆ. ಮಾರ್ಗದರ್ಶಕರು ‘ಉತ್ತಮ’ ಎಂದು ಬರೆದು ಸಹಿ ಮಾಡಿದರು.

ಸಂಜೆ ಚೀಟಿಗಳನ್ನು ಬಿಡಿಸಿ ನೋಡಿದೆ. ಮೂವತ್ತೈದರಲ್ಲಿ ಹೆಚ್ಚು ಕಡಿಮೆ ಒಂದೇ ಮಾತು: ಹಣವನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಕೊಡುತ್ತೇವೆ. ಮೂವತ್ತಾರನೆಯ ಚೀಟಿಯಲ್ಲಿ ಹೀಗಿತ್ತು: “ದಿನಾ ಪ್ರಾರ್ಥನೆ ಹೇಳಿಸುವವರು ಸುಳ್ಳು ಹೇಳಿದರೆ ಯಾರೂ ಕೇಳುವುದಿಲ್ಲ. ಅದನ್ನು ನೋಡಿ ಸುಮ್ಮನೆ ನಿಂತ ಟೀಚರ್ ಪ್ರಾಮಾಣಿಕತೆಯ ಪಾಠ ಮಾಡಬಹುದಾ?”

ಬರೆದವಳು ಯಾರೆಂದು ನನಗೆ ಗೊತ್ತಾಯಿತು. ಯಾವ ವಿಷಯಕ್ಕೆ ಬರೆದಳೆಂಬುದೂ ಗೊತ್ತಾಯಿತು.

ದಾಖಲೆ ಪುಸ್ತಕದಲ್ಲಿ ನಡೆದದ್ದು

ಅದೇ ವಾರದ ಸೋಮವಾರ ಓಮ್ ನಿಯಮದ ಪ್ರಯೋಗ ಮಾಡಿಸಿದ್ದೆ. ನಿಕ್ರೋಮ್ ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್, 1.5 ವೋಲ್ಟಿನ ನಾಲ್ಕು ಶುಷ್ಕಕೋಶಗಳು. ಕೋಶಗಳನ್ನು ಒಂದೊಂದಾಗಿ ಹೆಚ್ಚಿಸುತ್ತಾ ವಿಭವಾಂತರ ಮತ್ತು ವಿದ್ಯುತ್ ಪ್ರವಾಹವನ್ನು ಬರೆದುಕೊಳ್ಳಬೇಕು. ‘ಮ’ ಎಂಬ ಹುಡುಗಿಯ ಗುಂಪಿಗೆ ಸಿಕ್ಕ ಅಳತೆಗಳು: 1.4 ವೋಲ್ಟಿಗೆ 0.30 ಆಂಪಿಯರ್, 2.8ಕ್ಕೆ 0.60, 4.0ಕ್ಕೆ 0.70, 5.6ಕ್ಕೆ 1.20. ನಕ್ಷೆ ಎಳೆದರೆ ಮೂರು ಬಿಂದುಗಳು ಒಂದೇ ಸರಳರೇಖೆಯ ಮೇಲೆ, ಮೂರನೆಯದು ಮಾತ್ರ ಪಕ್ಕಕ್ಕೆ.

‘ಮ’ಳ ಪಕ್ಕದಲ್ಲಿ ಐದನೆಯ ತರಗತಿಯಿಂದಲೂ ಕೂರುವ ಗೆಳತಿ ‘ಕ’. ಒಳ್ಳೆಯ ಕಂಠ, ಚರ್ಚಿನ ಗಾಯನ ತಂಡದಲ್ಲಿದ್ದಾಳೆ, ಬೆಳಗಿನ ಪ್ರಾರ್ಥನೆ ಹೇಳಿಸುವವಳೂ ಅವಳೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಮೊದಲು ಒಂಬತ್ತು ದಿನ ನೊವೆನಾ ಇರುತ್ತದೆ. ಅದರ ಹಾಡಿನ ಅಭ್ಯಾಸಕ್ಕೆ ಹೋಗಿದ್ದರಿಂದ ಆ ದಿನ ‘ಕ’ ಪ್ರಯೋಗ ಮಾಡಿರಲಿಲ್ಲ. ಮರುದಿನ ಬಂದು, “ಟೀಚರ್, ರೆಕಾರ್ಡ್ ಎಂತ ಮಾಡುದು?” ಎಂದು ಕೇಳಿದಳು. ಗುರುವಾರ ಮಾರ್ಗದರ್ಶಕರು ಬರುವವರಿದ್ದರು, ದಾಖಲೆ ಪುಸ್ತಕಗಳೆಲ್ಲ ಪೂರ್ಣವಾಗಿರಬೇಕಿತ್ತು. ನಾನು, “ಯಾರದ್ದಾದರೂ ನೋಡಿ ಬರಿ. ಗೆರೆ ನೇರ ಬರುವ ಹಾಗೆ ಸ್ವಲ್ಪ ಸರಿ ಮಾಡಿಕೋ” ಎಂದೆ. ನಾನೂ ಬಿಎಸ್ಸಿಯಲ್ಲಿ ಹಾಗೆ ಮಾಡಿದವಳೇ.

ಅವಳು ‘ಮ’ಳ ಪುಸ್ತಕ ನೋಡಿ ಬರೆದಳು. 0.70 ಇದ್ದಲ್ಲಿ 0.85 ಮಾಡಿದಳು. ಬುಧವಾರ ವಿಷಯ ಶಿಕ್ಷಕರು ತಿದ್ದಿದಾಗ ‘ಕ’ಳಿಗೆ ಹತ್ತಕ್ಕೆ 9 ಬಂತು. ‘ಮ’ಳಿಗೆ 6, ಜೊತೆಗೆ ‘ಅಜಾಗರೂಕತೆ’ ಎಂಬ ಷರಾ. ‘ಮ’ ಎದ್ದು ನಿಂತು, “ಅವಳು ಪ್ರಯೋಗ ಮಾಡ್ಲೇ ಇಲ್ಲ ಸರ್” ಎಂದಳು. ಶಿಕ್ಷಕರು ‘ಕ’ಳನ್ನು ಕೇಳಿದರು. ಅವಳು ಒಮ್ಮೆ ನನ್ನ ಮುಖ ನೋಡಿ, “ಮಾಡಿದ್ದೇನೆ ಸರ್” ಎಂದಳು. ನಾನು ಕಪ್ಪುಹಲಗೆಯ ಪಕ್ಕದಲ್ಲೇ ನಿಂತಿದ್ದೆ. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ‘ಕ’ ಎಂದಿನಂತೆ ಪ್ರಾರ್ಥನೆ ಹೇಳಿಸಿದಳು. ಅದೇ ದಿನ ನಾನು ಚಿನ್ನದ ಕೊಡಲಿಯ ಕಥೆ ಹೇಳಿದೆ.

ಧರ್ಮದ ವಿಷಯವೆಂದು ತಿಳಿದದ್ದು

ಶುಕ್ರವಾರದಿಂದ ‘ಮ’ ಪ್ರಾರ್ಥನೆಯಲ್ಲಿ ಕೈ ಜೋಡಿಸುವುದನ್ನು, ಕಣ್ಣು ಮುಚ್ಚುವುದನ್ನು ಬಿಟ್ಟಳು. ನೇರವಾಗಿ ನಿಂತಿರುತ್ತಿದ್ದಳು, ಅಷ್ಟೇ. ಎರಡು ದಿನದಲ್ಲಿ ಶಿಕ್ಷಕರ ಕೊಠಡಿಯಲ್ಲಿ ಮಾತು ಶುರುವಾಯಿತು. “ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು”, “ಈಗಿನ ಕಾಲ ಹಾಗುಂಟು” ಎಂದರು. ಹೆಚ್ಚು ಬೆಳೆದಿದ್ದರೆ ಅದು ಪೋಷಕರ ಸಭೆಗೂ, ಅಲ್ಲಿಂದ ಊರಿಗೂ ಹೋಗಬಹುದಿತ್ತು.

ಈ ಹಂತದಲ್ಲಿ ನಮ್ಮ ಬಿಎಡ್ ಪಠ್ಯ ನೆನಪಿಗೆ ಬಂತು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. 28ನೆಯ ವಿಧಿಯ 3ನೆಯ ಖಂಡ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆ ಅಥವಾ ಆರಾಧನೆಯಲ್ಲಿ ಪಾಲ್ಗೊಳ್ಳುವಂತೆ ಮಾಡಬಾರದು ಎನ್ನುತ್ತದೆ. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣವೂ ಇದಕ್ಕೆ ಹತ್ತಿರದ್ದು. ಕೇರಳದ ಮೂವರು ಮಕ್ಕಳು ತಮ್ಮ ಧಾರ್ಮಿಕ ನಂಬಿಕೆಯ ಕಾರಣ ರಾಷ್ಟ್ರಗೀತೆ ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿದ್ದಕ್ಕೆ ಅವರನ್ನು ಶಾಲೆಯಿಂದ ಹೊರಹಾಕಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಮಕ್ಕಳೂ ಕ್ರೈಸ್ತ ಪಂಗಡವೊಂದಕ್ಕೆ ಸೇರಿದವರು.

ಇದನ್ನೆಲ್ಲ ಬರೆದುಕೊಂಡು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರ ಬಳಿ ಹೋದೆ. ಅವರು ನನ್ನ ಕಾಗದ ನೋಡದೆಯೇ, “ಅವಳು ಕಣ್ಣು ಮುಚ್ಚಲಿಲ್ಲ ಅಂತ ನೋಡಿದವರು ಯಾರು? ಅವರೂ ಮುಚ್ಚಿರಲಿಲ್ಲ ಅಲ್ಲವಾ?” ಎಂದು ನಕ್ಕರು. ಆಮೇಲೆ, “ಮಗುವಿಗೆ ಏನೋ ನೋವಾಗಿದೆ. ಏನಂತ ಕೇಳಿದ್ದೀರಾ?” ಎಂದರು. ನಾನು ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು. ಅಲ್ಲೇ ನಿಂತು ರೆಕಾರ್ಡಿನ ವಿಷಯವನ್ನು ಮೊದಲಿನಿಂದ ಹೇಳಿದೆ. ಸಿಸ್ಟರ್ ಬೈಯಲಿಲ್ಲ. “ನನಗೆ ಹೇಳಿದ್ದನ್ನು ಹೇಳಬೇಕಾದವರಿಗೂ ಹೇಳಿ” ಎಂದರು.

ಮಧ್ಯಾಹ್ನ ‘ಮ’ಳ ಜೊತೆ ಜಗಲಿಯಲ್ಲಿ ಕುಳಿತೆ. ಅವಳು ಹೇಳಿದ್ದು ಇಷ್ಟು: “ನನಗೆ ಅವರ ದೇವರ ಮೇಲೆ ಕೋಪ ಇಲ್ಲ ಟೀಚರ್. ಪ್ರತಿವರ್ಷ ಮೊಂತಿ ಹಬ್ಬಕ್ಕೆ ಅವಳಿಗೆ ಹೂವು ಕೊಯ್ದು ಕೊಡುವುದು ನಾನೇ. ಆದರೆ ಅವಳ ಬಾಯಲ್ಲಿ ಆ ಪ್ರಾರ್ಥನೆ ಕೇಳುವಾಗ ಕೈ ಜೋಡಿಸ್ಲಿಕ್ಕೆ ಆಗುದಿಲ್ಲ.”

ಎಲ್ಲರೂ ಧರ್ಮದ ಜಗಳವೆಂದುಕೊಂಡದ್ದು ಸ್ನೇಹದ ಜಗಳವಾಗಿತ್ತು. ಅದರ ಮೂಲ ನನ್ನ ಒಂದು ವಾಕ್ಯವಾಗಿತ್ತು.

ಎರಡನೆಯ ಪಾಠದ ಯೋಜನೆ

ಮಾರ್ಗದರ್ಶಕರ ಮತ್ತು ವಿಷಯ ಶಿಕ್ಷಕರ ಅನುಮತಿ ಪಡೆದು, ಮುಂದಿನ ವಾರದ ಮೌಲ್ಯ ಶಿಕ್ಷಣ ಮತ್ತು ವಿಜ್ಞಾನದ ಅವಧಿಗಳನ್ನು ಸೇರಿಸಿ 80 ನಿಮಿಷದ ಒಂದು ಪಾಠ ಮಾಡಿದೆ. ಉದ್ದೇಶಗಳು ಮೂರು:

1. ಪ್ರಯೋಗದಲ್ಲಿ ನಿರೀಕ್ಷೆಗೆ ಹೊಂದದ ಅಳತೆಯ ಕಾರಣವನ್ನು ವಿದ್ಯಾರ್ಥಿಗಳು ಹುಡುಕುವರು.
2. ತಪ್ಪು, ಭಯದಿಂದ ಹೇಳಿದ ಸುಳ್ಳು ಮತ್ತು ಕಪಟ ಇವುಗಳ ವ್ಯತ್ಯಾಸವನ್ನು ತಮ್ಮ ಮಾತಿನಲ್ಲಿ ಹೇಳುವರು.
3. ಆಡಿದ್ದಕ್ಕೂ ಮಾಡಿದ್ದಕ್ಕೂ ಅಂತರವಾದ ತಮ್ಮದೇ ಒಂದು ಸಂದರ್ಭವನ್ನು ಗುರುತಿಸುವರು.

ಹಿಂದಿನ ದಿನ ‘ಕ’ಳನ್ನು ಕರೆದು, ನಾನು ನನ್ನ ತಪ್ಪನ್ನು ಮಾತ್ರ ಹೇಳುತ್ತೇನೆ, ನಿನ್ನ ಹೆಸರು ಹೇಳುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು.

ತರಗತಿಯಲ್ಲಿ ನಡೆದದ್ದು

ತೊಡಗಿಸುವಿಕೆ: ಎರಡು ಕೋಷ್ಟಕಗಳನ್ನು ಹೆಸರಿಲ್ಲದೆ ಹಲಗೆಯ ಮೇಲೆ ಬರೆದು, “ಯಾವುದಕ್ಕೆ ಹೆಚ್ಚು ಅಂಕ?” ಎಂದು ಕೇಳಿದೆ. ಎಲ್ಲರೂ ಎರಡನೆಯದನ್ನು ತೋರಿಸಿದರು. “ಯಾವುದು ನಿಜವಾಗಿ ಅಳೆದದ್ದು?” ಎಂದಾಗ ಯಾರೂ ಮಾತಾಡಲಿಲ್ಲ. ಆಗ ಹೇಳಿದೆ: “ಎರಡನೆಯದನ್ನು ಹಾಗೆ ಬರೆಯಲು ಹೇಳಿದ್ದು ನಾನು. ಅದರ ಬಗ್ಗೆ ಪ್ರಶ್ನೆ ಬಂದಾಗ ಬಾಯಿ ಮುಚ್ಚಿ ನಿಂತದ್ದೂ ನಾನು. ಮರುದಿನ ನಿಮಗೆ ಪ್ರಾಮಾಣಿಕತೆಯ ಪಾಠ ಮಾಡಿದೆ. ಇವತ್ತು ಅದರ ಮುಂದಿನ ಭಾಗ.”

ಪರಿಶೋಧನೆ: ಅದೇ ಉಪಕರಣಗಳಿಂದ ಪ್ರಯೋಗವನ್ನು ಮತ್ತೆ ಮಾಡಿದೆವು. ಮಕ್ಕಳು ಒಂದೊಂದು ಜೋಡಣೆಯನ್ನೂ ಅಲುಗಿಸಿ ನೋಡಿದರು. ನಿಕ್ರೋಮ್ ತಂತಿಯ ಒಂದು ತುದಿಯ ಕ್ಲಿಪ್ ಸಡಿಲವಾಗಿತ್ತು. ವೋಲ್ಟ್‌ಮೀಟರಿನ ತಂತಿಯನ್ನು ಆ ಕ್ಲಿಪ್ಪಿಗೇ ಸಿಕ್ಕಿಸಿದ್ದರಿಂದ ಸಡಿಲ ಜೋಡಣೆಯ ರೋಧವೂ ಅಳತೆಯಲ್ಲಿ ಸೇರುತ್ತಿತ್ತು. ಕ್ಲಿಪ್ ಜಾರಿದಾಗ 4.0 ವೋಲ್ಟಿಗೆ 0.70 ಆಂಪಿಯರ್, ಗಟ್ಟಿ ಮಾಡಿದಾಗ 0.85. ಉಳಿದ ಮೂರು ಅಳತೆಗಳಲ್ಲಿ ರೋಧ ಸುಮಾರು 4.7 ಓಮ್, ಮೂರನೆಯದರಲ್ಲಿ 5.7 ಓಮ್ ಬಂದದ್ದೇಕೆ ಎಂಬುದು ಮಕ್ಕಳಿಗೆ ತಿಳಿಯಿತು. ‘ಮ’ ಅಜಾಗರೂಕಳಾಗಿರಲಿಲ್ಲ, ಕಂಡದ್ದನ್ನು ಬರೆದಿದ್ದಳು. ವಿಷಯ ಶಿಕ್ಷಕರು ಅಲ್ಲೇ ಅವಳ ಪುಸ್ತಕ ತರಿಸಿ ಷರಾ ಹೊಡೆದುಹಾಕಿದರು.

ವಿವರಣೆ: ‘ಕಪಟ’ ಎಂದರೇನು ಎಂಬ ಚರ್ಚೆಯಲ್ಲಿ ನಾನು ಹೇಳಿದ್ದು ಒಂದೇ ಸಂಗತಿ. ಇಂಗ್ಲಿಷಿನಲ್ಲಿ ಕಪಟಿಗೆ ಬಳಸುವ ‘ಹಿಪೊಕ್ರಿಟ್’ ಎಂಬ ಪದ ಗ್ರೀಕ್ ಭಾಷೆಯಲ್ಲಿ ನಾಟಕದ ನಟನನ್ನು ಸೂಚಿಸುತ್ತಿತ್ತು. ಉಳಿದದ್ದನ್ನು ಮಕ್ಕಳೇ ಹೇಳಿದರು.

ಪೂಜೆಯಲ್ಲಿ ಪಾದ್ರಿಗಳಿಗೆ ಸಹಾಯ ಮಾಡುವ ಹುಡುಗ ‘ರ’, ಪೇತ್ರನ ಕಥೆ ಹೇಳಿದ. ಯೇಸುವನ್ನು ಬಂಧಿಸಿದ ರಾತ್ರಿ, ಹತ್ತಿರದ ಶಿಷ್ಯನಾದ ಪೇತ್ರ ಕೋಳಿ ಕೂಗುವ ಮೊದಲು ಮೂರು ಸಲ ಅವನು ಯಾರೆಂದೇ ಗೊತ್ತಿಲ್ಲ ಎಂದ. ಕೋಳಿ ಕೂಗಿದಾಗ ಅತ್ತ. “ಅವನು ಕಪಟಿ ಅಲ್ಲ ಟೀಚರ್, ಹೆದರಿದ್ದು. ಕಪಟಿಯಾಗಿದ್ದರೆ ಅಳುತ್ತಿರಲಿಲ್ಲ.” ಯಕ್ಷಗಾನ ನೋಡಿ ಬೆಳೆದ ಇನ್ನೊಬ್ಬ, ದ್ರೋಣನನ್ನು ಸೋಲಿಸಲು ಧರ್ಮರಾಯ ಹೇಳಿದ ಅಶ್ವತ್ಥಾಮನ ಅರ್ಧ ಸುಳ್ಳನ್ನು ನೆನಪಿಸಿದ. ಅಲ್ಲಿಯವರೆಗೆ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಆಮೇಲೆ ನೆಲಕ್ಕಿಳಿಯಿತು. “ಸತ್ಯವಂತ ಅಂತ ಹೆಸರಿದ್ದದ್ದಕ್ಕೇ ಅವನ ಸುಳ್ಳನ್ನು ದ್ರೋಣ ನಂಬಿದ್ದು” ಎಂದ. ಒಬ್ಬ ಬ್ಯಾರಿ ಹುಡುಗ, “ನಮ್ಮಲ್ಲಿ ಮುನಾಫಿಕ್ ಅಂತ ಹೇಳ್ತಾರೆ. ಸುಳ್ಳು ಹೇಳುವುದು, ಮಾತು ತಪ್ಪುವುದು, ನಂಬಿ ಕೊಟ್ಟದ್ದಕ್ಕೆ ದ್ರೋಹ ಮಾಡುವುದು ಅದರ ಗುರುತು” ಎಂದ.

ನನ್ನ ಪಾಠ ಯೋಜನೆಯಲ್ಲಿ ಈ ಮೂರೂ ಇರಲಿಲ್ಲ. ಮಕ್ಕಳು ಹಲಗೆಯ ಮೇಲೆ ಬರೆಸಿದ್ದು: ಹೆದರಿ ತಪ್ಪಿದವನು ತಪ್ಪಿದೆ ಎಂದು ತನಗೇ ಹೇಳಿಕೊಳ್ಳುತ್ತಾನೆ. ತಪ್ಪಿಲ್ಲವೆಂದು ತೋರಿಸಿಕೊಳ್ಳುತ್ತಾ ಹೋದರೆ ಅದು ಕಪಟವಾಗುತ್ತದೆ.

ವಿಸ್ತರಣೆ: ಇಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆ ಹನಿಗಳಿಂದ ಅಳೆದ ಮಿಲಿಕನ್ ಅವರ ವಿಷಯ ಹೇಳಿದೆ. 1913ರ ಲೇಖನದಲ್ಲಿ ಅವರು 58 ಹನಿಗಳ ಫಲಿತಾಂಶ ಕೊಟ್ಟು, ಇವು ಆರಿಸಿ ತೆಗೆದವಲ್ಲ ಎಂದರು. ಆಮೇಲೆ ಅವರ ಟಿಪ್ಪಣಿ ಪುಸ್ತಕಗಳನ್ನು ನೋಡಿದವರಿಗೆ ಇನ್ನೂ ಹಲವು ಹನಿಗಳ ಅಳತೆ ಸಿಕ್ಕಿತು. ಬಿಡಲು ಒಳ್ಳೆಯ ಕಾರಣಗಳಿದ್ದವೇ ಎಂಬ ಚರ್ಚೆ ಇಂದಿಗೂ ಇದೆ. “ಬಿಟ್ಟದ್ದು ತಪ್ಪೋ, ಬಿಟ್ಟಿಲ್ಲ ಎಂದದ್ದು ತಪ್ಪೋ?” ಎಂದು ಕೇಳಿದೆ. ಹೆಚ್ಚಿನವರು ಎರಡನೆಯದು ಎಂದರು. ‘ಕ’ ಆ ಪಾಠದಲ್ಲಿ ಬಾಯಿ ತೆರೆದದ್ದು ಆಗ ಮಾತ್ರ: “ಎರಡನೆಯದು.”

ಮೌಲ್ಯಮಾಪನ: ಮತ್ತೆ ಚೀಟಿ, ಈ ಸಲ ಹೆಸರಿಲ್ಲದೆ, ತಮ್ಮದೇ ಒಂದು ಸಂದರ್ಭ. ಓದಿದ ಮೇಲೆ ಹರಿದು ಹಾಕುತ್ತೇನೆ ಎಂದು ಮಾತು ಕೊಟ್ಟೆ, ಹಾಗೆಯೇ ಮಾಡಿದೆ. ಒಬ್ಬರು ನೊವೆನಾಕ್ಕೆಂದು ಹೊರಟು ಮೈದಾನಕ್ಕೆ ಹೋಗಿದ್ದರು. ಒಬ್ಬರು ಮನೆಯಲ್ಲಿ ಉಪವಾಸವೆಂದು ಹೇಳಿ ಶಾಲೆಯ ಬಿಸಿಯೂಟ ಉಂಡಿದ್ದರು. ಒಂದು ಚೀಟಿ ಮಾತ್ರ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು: ತನಗೆ ಪ್ರಾರ್ಥನೆಯಲ್ಲಿ ಏನೂ ಅನಿಸುವುದಿಲ್ಲ, ಅಮ್ಮನಿಗೆ ಬೇಸರವಾಗುತ್ತದೆಂದು ಪೂಜೆಗೆ ಹೋಗುತ್ತೇನೆ, ನಾನು ಕಪಟಿಯೇ ಎಂಬ ಪ್ರಶ್ನೆ.

ಅದಕ್ಕೆ ಉತ್ತರಿಸುವ ಅರ್ಹತೆ ನನಗಿದೆ ಎನಿಸಲಿಲ್ಲ. ಮರುದಿನ ತರಗತಿಗೆಲ್ಲ ಕೇಳುವಂತೆ, “ಈ ವಯಸ್ಸಿನಲ್ಲಿ ಇಂಥ ಪ್ರಶ್ನೆ ಬರುವುದು ತಪ್ಪಲ್ಲ. ಅಮ್ಮನ ಮನಸ್ಸು ನೋಯಿಸಬಾರದು ಎನ್ನುವುದು ಕಪಟವೂ ಅಲ್ಲ. ಇದನ್ನು ನೀವು ನಂಬುವ ದೊಡ್ಡವರೊಬ್ಬರ ಹತ್ತಿರ ಮಾತಾಡಿ” ಎಂದಷ್ಟೇ ಹೇಳಿದೆ.

ನಮ್ಮ ಓದಿನಲ್ಲಿ ಇದಕ್ಕೆ ಏನಿದೆ

ಎರಿಕ್‌ಸನ್ ಹೇಳುವ ಅನನ್ಯತೆ ಮತ್ತು ಪಾತ್ರ ಗೊಂದಲದ ಹಂತವನ್ನು ನಾವೆಲ್ಲ ಪರೀಕ್ಷೆಗೆ ಬರೆದಿದ್ದೇವೆ. ಜೇಮ್ಸ್ ಫೌಲರ್ 1981ರ ತಮ್ಮ ಗ್ರಂಥದಲ್ಲಿ ನಂಬಿಕೆಗೂ ಹಂತಗಳನ್ನು ಗುರುತಿಸಿದರು. ಹದಿಹರೆಯದಲ್ಲಿ ನಂಬಿಕೆ ಎಂಬುದು ಬಹುಮಟ್ಟಿಗೆ ತನಗೆ ಮುಖ್ಯರಾದವರ ನಂಬಿಕೆ. ಹಾಗಾಗಿ ಆ ಮುಖ್ಯರಾದವರು, ಅಂದರೆ ಗೆಳತಿ, ಟೀಚರ್, ಪಾದ್ರಿ, ತಾಯಿ, ಆಡಿದಂತೆ ನಡೆಯದಿದ್ದರೆ ಮಗು ಅವರೊಬ್ಬರನ್ನೇ ಅಲ್ಲ, ಅವರು ಹೇಳಿದ್ದೆಲ್ಲವನ್ನೂ ಅನುಮಾನಿಸತೊಡಗುತ್ತದೆ. ‘ಮ’ ಕೈ ಜೋಡಿಸದೆ ನಿಂತದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ.

ಹಾರ್ಟ್‌ಶಾರ್ನ್ ಮತ್ತು ಮೇ 1920ರ ದಶಕದಲ್ಲಿ ಅಮೆರಿಕದ 10,000ಕ್ಕೂ ಹೆಚ್ಚು ಮಕ್ಕಳ ಮೇಲೆ ಅಧ್ಯಯನ ನಡೆಸಿ 1928ರಿಂದ ಪ್ರಕಟಿಸಿದರು. ಮೋಸ ಮಾಡುವ ಅವಕಾಶವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಒದಗಿಸಿ ನೋಡಿದಾಗ, ಒಂದು ಕಡೆ ಪ್ರಾಮಾಣಿಕರಾಗಿದ್ದವರು ಇನ್ನೊಂದು ಕಡೆ ಮೋಸ ಮಾಡಿದರು. ಪ್ರಾಮಾಣಿಕತೆ ಸಂದರ್ಭವನ್ನು ಬಹಳ ಅವಲಂಬಿಸಿತ್ತು. ನೀತಿಬೋಧೆ ಕೇಳಿದ್ದರಿಂದಲೇ ನಡತೆ ಬದಲಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ನನ್ನ ಮೂವತ್ತೈದು ಸರಿಯುತ್ತರಗಳ ಬೆಲೆ ಎಷ್ಟೆಂದು ಇದರಿಂದ ತಿಳಿಯಿತು. ‘ಕ’ ಕೆಟ್ಟ ಹುಡುಗಿಯಲ್ಲ. ನೇರ ಗೆರೆಗೆ 9, ನಿಜವಾದ ಬಿಂದುವಿಗೆ 6 ಎಂಬ ಸಂದರ್ಭವನ್ನು ಕಟ್ಟಿದವರು ನಾವು ಶಿಕ್ಷಕರು.

ಕುಂದುಗಳು

ಹೆಸರು ಹೇಳದಿದ್ದರೂ ಎರಡನೆಯ ಕೋಷ್ಟಕ ಯಾರದ್ದೆಂದು ಇಡೀ ತರಗತಿಗೆ ಗೊತ್ತಿತ್ತು. ನನ್ನ ತಪ್ಪೊಪ್ಪಿಗೆಯ ನಡುವೆ ‘ಕ’ ನಲವತ್ತು ನಿಮಿಷ ತಲೆ ತಗ್ಗಿಸಿ ಕೂರಬೇಕಾಯಿತು. ಕೋಷ್ಟಕವನ್ನು ಬೇರೆ ಸಂಖ್ಯೆಗಳಿಂದ ಮಾಡಬಹುದಿತ್ತು ಎಂದು ಮಾರ್ಗದರ್ಶಕರು ಬರೆದರು. ಅದು ಸರಿ. ದೊಡ್ಡವರು ತಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಮಕ್ಕಳನ್ನು ಬಳಸಬಾರದು.

ಆಮೇಲೆ

ಪಾಠದ ಮರುದಿನ ‘ಕ’ ತಾನೇ ವಿಷಯ ಶಿಕ್ಷಕರ ಬಳಿ ಹೋಗಿ ಪ್ರಯೋಗ ಮಾಡಿ ಹೊಸದಾಗಿ ಬರೆದಳು. ಒಂದು ವಾರ ಪ್ರಾರ್ಥನೆ ಹೇಳಿಸುವುದನ್ನು ಬೇರೆಯವರಿಗೆ ಕೊಡಿ ಎಂದು ಸಿಸ್ಟರ್ ಅವರನ್ನು ಕೇಳಿಕೊಂಡಳು. ಸಿಸ್ಟರ್ ಒಪ್ಪಲಿಲ್ಲ. “ತಪ್ಪು ಮಾಡದವರೇ ಪ್ರಾರ್ಥನೆ ಹೇಳಿಸಬೇಕಾದರೆ ನಮ್ಮಲ್ಲಿ ಪ್ರಾರ್ಥನೆಯೇ ಇರುವುದಿಲ್ಲ” ಎಂದರಂತೆ.

ಹಬ್ಬದ ಹಿಂದಿನ ದಿನ ‘ಮ’ ಒಂದು ಚೀಲ ಹೂವು ತಂದು ‘ಕ’ಳ ಬೆಂಚಿನ ಮೇಲಿಟ್ಟಳು. ಮಾತಾಡಲಿಲ್ಲ. ಹಬ್ಬ ಕಳೆದು ಶಾಲೆಗೆ ಬಂದಾಗ ‘ಕ’ ಹೊಸ ತೆನೆಯ ಒಂದು ಎಳೆ ಮತ್ತು ಕಬ್ಬಿನ ತುಂಡು ತಂದಳು. ನನ್ನ ಅಭ್ಯಾಸ ಬೋಧನೆ ಮುಗಿಯುವವರೆಗೂ ಇಬ್ಬರ ನಡುವೆ ಮೊದಲಿನ ಮಾತು ಬಂದಿರಲಿಲ್ಲ. ‘ಮ’ ಮತ್ತೆ ಕೈ ಜೋಡಿಸಿದಳೇ ಎಂದು ನಾನು ನೋಡಲು ಹೋಗಲಿಲ್ಲ. ಅದು ಅವಳಿಗೆ ಬಿಟ್ಟದ್ದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ನಾವು ಪಾಠ ಯೋಜನೆ ಬರೆಯುವಾಗ ಕೊನೆಯ ಅಂಕಣವನ್ನು ಹಿಂದಿನ ರಾತ್ರಿಯೇ ತುಂಬಿಸಿಬಿಡುತ್ತೇವೆ: ‘ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸಿದರು’. ಪಾಠ ಆಗುವ ಮೊದಲೇ ಆಗಿಹೋದಂತೆ ಬರೆಯುತ್ತೇವೆ. ಪ್ರಾಮಾಣಿಕತೆಯ ಪಾಠದ ಯೋಜನೆಯಲ್ಲೂ ನಾನು ಹಾಗೆಯೇ ಬರೆದಿದ್ದೆ. ಅದೂ 0.70 ಇದ್ದಲ್ಲಿ 0.85 ಬರೆದಂತೆಯೇ.

ಈಗ ಆ ಅಂಕಣವನ್ನು ಖಾಲಿ ಬಿಟ್ಟು ತರಗತಿಗೆ ಹೋಗುತ್ತೇನೆ. ಪಾಠ ಮುಗಿದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ಕೆಲವು ದಿನ ‘ಹೆಚ್ಚಿನವರಿಗೆ ಅರ್ಥವಾಗಲಿಲ್ಲ’ ಎಂದು ಬರೆಯಬೇಕಾಗುತ್ತದೆ. ಅಂಕ ಸ್ವಲ್ಪ ಕಡಿಮೆ ಬಂದಿದೆ. ಆದರೆ ಮರುದಿನ ಎಲ್ಲಿಂದ ಮತ್ತೆ ಶುರು ಮಾಡಬೇಕೆಂದು ನನಗೆ ಗೊತ್ತಿರುತ್ತದೆ.